ತೊಂಬತ್ತೊಂಬತ್ತರ ಕೋಣೆ

ಇಳಕಲ್ಲಿನ ನೇಕಾರ ಮುರಿಗೆಪ್ಪ ಹಿಂದೊಮ್ಮೆ ಬರೆದಿಟ್ಟ ಸೀರೆ ದಡಿಯ ನಕ್ಷೆ ಯಾವ ಹೊಸ ಕಂಪ್ಯೂಟರಿನಲ್ಲೂ ತೆರೆಯಲಿಲ್ಲ. ಮತ್ತೆ ಬರೆಯೋಣವೆಂದರೆ ಈಗ ಕೈ ನಡುಗುತ್ತದೆ. ಪ್ರೋಗ್ರಾಂ ಓಡದೆ ನಿಂತಿದ್ದ ಹಳೆಯ ಕಂಪ್ಯೂಟರನ್ನೇ ರಿಕ್ಷಾದಲ್ಲಿ ಹಾಕಿಕೊಂಡು ನಸ್ರೀನಳ ರಿಪೇರಿ ಅಂಗಡಿಗೆ ತಂದ.

ನಸ್ರೀನ ಅದನ್ನು ಒಳಕೋಣೆಯಲ್ಲಿಟ್ಟು, ಹೊರಗೋಡೆಯ ಗುಂಡಿ ತಿರುಗಿಸಿ ಕೋಣೆಯನ್ನು 1999ಕ್ಕೆ ಇಳಿಸಿದಳು. ಹಳೆಯ ಪ್ರೋಗ್ರಾಂಗಳಿಗೆಲ್ಲ ಅವಳದು ಇದೊಂದೇ ಮದ್ದು.

"ನೀವ ಒಳಗ ಹೋಗ್ರಿ ಕಾಕಾ. ನಾ ಬರಾಕಾಗಂಗಿಲ್ಲ, ಆವಾಗ ನಾ ಇನ್ನೂ ಹುಟ್ಟಿಲ್ಲ."

ಹೊಸ್ತಿಲ ಹೊರಗೆ ನಿಂತೇ ಹೇಳಿಕೊಟ್ಟಳು. "ಮೊದಲ ಪ್ರಿಂಟರ್ ಚಾಲೂ ಮಾಡ್ರಿ. ಈಗ ಆ ಫೈಲ್ ಮ್ಯಾಲ ಒತ್ರಿ. ಎರಡ ಸಲ, ಲಗೂನ."

ನಕ್ಷೆ ತೆರೆಯಿತು. ಎಷ್ಟೋ ವರ್ಷದಿಂದ ಮನಸ್ಸಿಗೆ ಚುಚ್ಚುತ್ತಿದ್ದ ಒಂದು ಎಳೆಯನ್ನು ಮುರಿಗೆಪ್ಪ ಮೌಸ್ ಹಿಡಿದು ತಿದ್ದಿದ. ಆ ಕೋಣೆಯಲ್ಲಿ ಅವನದು ಮತ್ತೆ ನಲವತ್ತರ ಕೈ, ಕೂದಲೆಳೆಯಷ್ಟೂ ಅಲುಗಲಿಲ್ಲ. ಪ್ರಿಂಟ್ ತೆಗೆದುಕೊಂಡು ಹೊಸ್ತಿಲು ದಾಟಿದ್ದೇ ತಡ, ಕಾಗದ ಅವನ ಬೆರಳುಗಳಲ್ಲಿ ಪಟಪಟ ಬಡಿಯತೊಡಗಿತು.

"ಕೆಲಸ ಮುಗೀತಲ್ಲ ಕಾಕಾ?"

ಅವನು ಕಾಗದವನ್ನು ನೋಡಲೇ ಇಲ್ಲ. ನಡುಗುವ ಗೇಣಿನಲ್ಲಿ ಬಾಗಿಲ ಚೌಕಟ್ಟು ಅಳೆಯುತ್ತಿದ್ದ.

"ಬಿಚ್ಚಿ ತಂದ್ರ ಮಗ್ಗ ಹಿಡಸ್ತೈತಿ ಬಿಡವ್ವಾ," ಎಂದ. "ನಾಳೆ ತರ್ತೀನಿ."