ಡಾಕ್ಟರ ಮೂರು ಪ್ರಶ್ನೆ

ರಗ್ಬಿ ಫೈನಲ್ ಮುಗಿಯುವ ಹೊತ್ತಿಗೆ ಯಾರದೋ ಮಂಡಿ ತಲೆಗೆ ಬಡಿದು ಮುನಿಕೃಷ್ಣ ಕುಸಿದ. ನೀಲಿ ಜೆರ್ಸಿಯ ಊರ ತಂಡದಲ್ಲಿ ಹತ್ತು ವರ್ಷ ಆಡಿ, ಈ ವರ್ಷವಷ್ಟೇ ಪಕ್ಕದ ಜಿಲ್ಲೆಯ ಹಳದಿ ಜೆರ್ಸಿ ತೊಟ್ಟಿದ್ದ. ಇವತ್ತು ಎದುರಿಗಿದ್ದದ್ದು ಅದೇ ನೀಲಿಯವರು.

ಡಾಕ್ಟರು ಓಡಿ ಬರುವಷ್ಟರಲ್ಲಿ ಹಳದಿ ಕ್ಯಾಪ್ಟನ್ ಅವನ ಮುಖಕ್ಕೆ ನೀರು ಚಿಮುಕಿಸುವ ನೆಪದಲ್ಲಿ ಬಗ್ಗಿದ.

"ನೀನಿಲ್ದೆ ಆಗಲ್ಲ ಕಣೋ. ತಲೆ ನೆಟ್ಟಗಿದ್ಯಾ ಅಂತ ನೋಡೋಕೆ ಡಾಕ್ಟ್ರು ಮೂರೇ ಪ್ರಶ್ನೆ ಕೇಳ್ತಾರೆ. ಜಿಲ್ಲಾ ಕ್ರೀಡಾಂಗಣ, ಸೆಕೆಂಡ್ ಹಾಫ್, ಕೊನೇ ಪಾಯಿಂಟು ನೀಲಿಯವ್ರದ್ದು. ಬಾಯಿಪಾಠ ಮಾಡ್ಕೋ!"

ಡಾಕ್ಟರು ಮಂಡಿಯೂರಿದರು.

"ಇದ್ಯಾವ ಗ್ರೌಂಡು?"

"ಜಿಲ್ಲಾ ಕ್ರೀಡಾಂಗಣ."

"ಎಷ್ಟನೇ ಹಾಫು?"

"ಸೆಕೆಂಡ್."

"ಕೊನೇ ಪಾಯಿಂಟ್ ಯಾರ್ದು?"

"ನೀಲಿಯವ್ರದ್ದು ಸಾರ್."

"ತಲೆ ಸುತ್ತುತ್ತಾ? ನಿಜ ಹೇಳಪ್ಪ. ಇನ್ನೊಂದು ಏಟು ಬಿದ್ರೆ ಜೀವಕ್ಕೇ ಅಪಾಯ."

"ಏನಿಲ್ಲ ಸಾರ್, ಗಟ್ಟಿಯಾಗಿದಾನೆ," ಎಂದ ಕ್ಯಾಪ್ಟನ್.

ಡಾಕ್ಟರು ಅನುಮಾನದಿಂದಲೇ ಒಪ್ಪಿದರು. ಎರಡೂ ತಂಡದವರು ಹೆಗಲಿಗೆ ಹೆಗಲು ಕೊಟ್ಟು, ಎದುರಾಳಿಗಳನ್ನು ತಳ್ಳಲು ಎದುರುಬದುರಾಗಿ ಬಗ್ಗಿ ನಿಂತರು.

ಮುನಿಕೃಷ್ಣ ನೇರವಾಗಿ ಓಡಿಹೋಗಿ ನೀಲಿಯವರ ಸಾಲಿಗೆ ನುಗ್ಗಿ, ಅವರ ಕ್ಯಾಪ್ಟನ್ ಹೆಗಲ ಮೇಲೆ ಕೈಹಾಕಿ, "ತಳ್ರೋ, ನಮ್ಮೂರ ಮಾನ ಹೋಗ್ತದೆ!" ಎಂದು ಕೂಗಿದ.