ಹಿಂದೆ ಕುಳಿತವರ ಲೋಟ

ತೋಟದವನು ತಾನೇ ಹುದುಗೆಬ್ಬಿಸಿದ ಸೇಬಿನ ಮದ್ಯವನ್ನು ಎಂದಿನಂತೆ ಹೆಂಡತಿಯ ಮುಂದೆಯೂ ನೀರನ್ನು ಗಂಡನ ಮುಂದೆಯೂ ಇಟ್ಟ. ಆಕೆ ಎರಡು ಲೋಟಗಳನ್ನೂ ಅದಲುಬದಲು ಮಾಡಿದಳು.

ದ್ರಾಕ್ಷಿಯ, ಸೇಬಿನ ಮದ್ಯಶಾಲೆಗಳ ನಡುವೆ ಸಾಗುವ ಆ ಸೈಕಲ್ ಹಾದಿಗೆ ದಂಪತಿ ಪ್ರತಿ ಸುಗ್ಗಿಯಲ್ಲೂ ಬರುತ್ತಿದ್ದರು. ಇಬ್ಬರೂ ತುಳಿಯುವ ಒಂದೇ ಸೈಕಲ್ಲು. ಮುಂದೆ ಕುಳಿತು ಹ್ಯಾಂಡಲ್ ಹಿಡಿಯುವವನು ತೊಟ್ಟೂ ಕುಡಿಯಬಾರದು, ಹಿಂದೆ ಕುಳಿತವರಿಗೆ ಮಾತ್ರ ಆ ಭಾಗ್ಯ ಎಂಬುದು ಮದುವೆಯಾದ ವರ್ಷವೇ ಗಂಡ ತನಗೆ ತಾನೇ ವಿಧಿಸಿಕೊಂಡ ಕಟ್ಟಳೆ. "ನನ್ನ ಹಣೇಲಿ ಬರೀ ನೀರು ಬರೆದಿದೆ" ಎಂದು ಪ್ರತಿ ಸಲವೂ ಗೋಳಾಡಿ ಎಲ್ಲರನ್ನೂ ನಗಿಸುತ್ತಿದ್ದ.

"ಏನಕ್ಕಾ, ಕೊನೆಗೂ ಭಾವನ ಮೇಲೆ ಕರುಣೆ ಬಂತಾ?" ಎಂದು ತೋಟದವನು ನಕ್ಕ. ಜೊತೆಗೆ ಯಾರೂ ನಗಲಿಲ್ಲ.

"ನಾನೇ ಓಡಿಸ್ತೀನಿ ಕಣೇ. ಈಗ ಬರೋವಾಗ ಬೇಲಿಗೆ ಉಜ್ಜಿದ್ದು ಮರಳಿಂದ, ಚಕ್ರ ಜಾರಿತು ಅಷ್ಟೇ" ಎಂದ ಗಂಡ. ಕಣ್ಣಿಗೆ ದಿನೇ ದಿನೇ ಮಂಜು ಕವಿಯುತ್ತಿರುವುದನ್ನು ಅವನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

"ಬೇಲಿ ಹಾಳಾಗಲಿ ರೀ. ದಾರೀಲಿ ನಿಂತಿದ್ದ ಆ ಮಗೂನ ಅದರಮ್ಮ ಎಳ್ಕೊಳ್ಳದೇ ಇದ್ದಿದ್ರೆ?"

"ಯಾವ ಮಗು?"

ಕೇಳಿದ ಮರುಕ್ಷಣವೇ ತಾನೇನು ಕೇಳಿದೆನೆಂಬುದು ಅವನಿಗೆ ಅರಿವಾಯಿತು. ಅವನು ಮೇಜನ್ನು ತಡವಿ ಲೋಟವನ್ನು ಹುಡುಕಿಕೊಂಡು, ಇಷ್ಟು ವರ್ಷ ಆಸೆಪಟ್ಟಿದ್ದ ಮದ್ಯವನ್ನು ಔಷಧ ನುಂಗುವವನಂತೆ ಕೊನೆಯ ಹನಿಯವರೆಗೂ ಕುಡಿದ.