ಹಕಾರಕ್ಕೆ ಉಸಿರು

ಮೂರು ಬೆಂಚುಗಳ ಮೇಲೆ ಆರು ಲ್ಯಾಪ್‌ಟಾಪ್‌ಗಳು ಸಾಲಾಗಿ ಕುಳಿತಿದ್ದವು. ಪ್ರತಿಯೊಂದರ ಬೆನ್ನಿನ ಮೇಲೂ ಆಯುಧಪೂಜೆಯಂದು ಇಟ್ಟ ಕುಂಕುಮ. ಒಂದರ ಮೂಲೆಗೆ ಒಣಗಿದ ಚೆಂಡುಹೂವಿನ ಎಸಳೊಂದು ಇನ್ನೂ ಅಂಟಿಕೊಂಡಿತ್ತು. ಕಿಟಕಿಯ ಸರಳುಗಳ ನೆರಳು ಅವುಗಳ ಮೇಲೆ, ಯಾರೂ ಬರೆಯದ ಕಾಪಿ ಪುಸ್ತಕದ ಗೆರೆಗಳಂತೆ ಬಿದ್ದಿತ್ತು. ಹಿಂದೆ ಆರನೆಯ ತರಗತಿಯ ಹನ್ನೆರಡು ಮಕ್ಕಳು, ಕೈಕಟ್ಟಿ, ಉಸಿರು ಬಿಗಿಹಿಡಿದು.

ಆ ಉಸಿರೇ ಅತಿಥಿ ಶಿಕ್ಷಕಿ ಲತಾಳ ಚಿಂತೆ. ದಂಡಿಗನಹಳ್ಳಿ ಕಡೆಯ ಈ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದು ಅವಳಿಗೆ ಮೂರು ವರ್ಷ. ಲ್ಯಾಪ್‌ಟಾಪ್ ಮೊದಲು ಒಂದು ಪದವನ್ನು ತಾನೇ ಉಚ್ಚರಿಸಿ ತೋರಿಸುತ್ತಿತ್ತು. ಆಮೇಲೆ ಮಗು ಹೇಳಬೇಕು. ಸರಿಯಿದ್ದರೆ ಪರದೆ ಹಸಿರು, ತಪ್ಪಿದರೆ ಕೆಂಪು. ಮಕ್ಕಳ ಬಾಯಲ್ಲಿ ಹೌಸ್ ‘ಔಸ್’ ಆಗುತ್ತಿತ್ತು, ಹೆನ್ ‘ಎನ್’ ಆಗುತ್ತಿತ್ತು. ಊರಿಗೆ ಊರೇ ಹಕಾರವನ್ನು ನುಂಗಿ ನೀರು ಕುಡಿದಿರುವಾಗ ಮಕ್ಕಳನ್ನು ಅಂದು ಫಲವೇನು? “ಅಂಗೈಯನ್ನ ಬಾಯಿ ಮುಂದೆ ಹಿಡೀರಿ. ಉಸಿರು ತಾಕಬೇಕು,” ಎಂದು ದಿನವೂ ಹೇಳಿಕೊಡುತ್ತಿದ್ದಳು. ಇಂದಿನ ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತು ಹಸಿರು ಬಾರದಿದ್ದರೆ ಅವಳಿಗೆ ಕೆಲಸವಿಲ್ಲ. ಅದು ಮಕ್ಕಳಿಗೂ ಗೊತ್ತಿತ್ತು.

“ನೀವು ಹೊರಗಿರಿ ಮೇಡಂ,” ಎಂದರು ಪರೀಕ್ಷಿಸಲು ಬಂದಿದ್ದ ಅಧಿಕಾರಿ ಸುದರ್ಶನ್. “ಒಳಗಿದ್ರೆ ತುಟಿ ಅಲ್ಲಾಡಿಸಿಯಾದರೂ ಹೇಳಿಕೊಟ್ಟುಬಿಡ್ತೀರಿ. ಅಂಕ ನನ್ನ ಮೊಬೈಲಿಗೆ ತಾನೇ ಬರುತ್ತೆ.” ಹಾಗೆಂದು ಹೆಡ್‌ಮಾಸ್ತರರ ಕೋಣೆಗೆ, ಕಾಫಿಗೆ ಹೊರಟರು.

ಜಗುಲಿಯಲ್ಲಿ ನಿಂತ ಲತಾಳಿಗೆ ಒಳಗಿನಿಂದ ಕೇಳಿಸಿತು: “ಹೌಸ್.” ಎಂಥ ಹಕಾರ! ಕೊಳಲಿನೊಳಗಿಂದ ಹಾದು ಬಂದಂಥ ತುಂಬು ಉಸಿರಿನ ಹಕಾರ. “ಹೆನ್.” “ಹ್ಯಾಪಿ.” ಅವಳ ಕಣ್ಣು ಒದ್ದೆಯಾಯಿತು. ಆಸೆ ತಡೆಯಲಾರದೆ ಕಿಟಕಿಯಲ್ಲಿ ಇಣುಕಿದಳು.

ಲ್ಯಾಪ್‌ಟಾಪ್‌ಗಳು ಮದುವೆಮನೆಯ ಬೀಗರಂತೆ ಎದುರುಬದುರು ಕುಳಿತಿದ್ದವು. ಒಂದು ಪಾಠ ಹೇಳುತ್ತಿತ್ತು. ಇನ್ನೊಂದು ಅದನ್ನೇ ಮಗುವಿನ ಉತ್ತರವೆಂದು ಕೇಳಿ ಹಸಿರಾಗುತ್ತಿತ್ತು. ಮಕ್ಕಳೆಲ್ಲ ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದರು.

“ಏನೇ ಇದು, ಸೌಜನ್ಯಾ?”

ಮುಂದಿನ ಬೆಂಚಿನ ಹುಡುಗಿ ಕಿಟಕಿಗೆ ಓಡಿಬಂದು ಪಿಸುಗುಟ್ಟಿದಳು: “ಸುಮ್ಕಿರಿ ಮಿಸ್. ನಾವ್ ಯೋಳುದ್ರೆ ಕೆಂಪಾಯ್ತದೆ, ನಿಮ್ನ ಕಳ್ಸ್‌ಬುಡ್ತಾರೆ. ಅವವೇ ಮಾತಾಡ್ಕಳ್ಳಿ ಬುಡಿ.”

ಲತಾ ಗದರದೆ ಕಿಟಕಿಯಿಂದ ಹಿಂದೆ ಸರಿದಳು.

ಕಾಫಿ ಮುಗಿಸಿ ಸುದರ್ಶನ್ ತರಗತಿಗೆ ಬಂದರು, ಅವರ ಹಿಂದೆಯೇ ಲತಾಳೂ. ಲ್ಯಾಪ್‌ಟಾಪ್‌ಗಳು ಆಗಲೇ ಮೊದಲಿನಂತೆ ಸಾಲಿಗೆ ಮರಳಿದ್ದವು. “ನೂರಕ್ಕೆ ನೂರು! ನಾನು ನೋಡಿದ ಶಾಲೆಗಳಲ್ಲೇ ಇದು ಮೊದಲು. ಅದೂ ನೀವು ಒಳಗಿಲ್ಲದೆ!”

“ಸರ್, ಹಾಗಾದರೆ ನನ್ನ ಕೆಲಸ…”

“ಅದನ್ನೇ ಬರೀತಿದ್ದೀನಿ ಮೇಡಂ. ಲ್ಯಾಪ್‌ಟಾಪೇ ಇಷ್ಟು ಚೆನ್ನಾಗಿ ಕಲಿಸ್ತಿರೋವಾಗ ಇಂಗ್ಲಿಷಿಗೆ ಇನ್ನೊಬ್ಬ ಟೀಚರ್ ಯಾಕೆ? ಇವತ್ತಿಗೇ ನಿಮಗೆ ಬಿಡುಗಡೆ.”

ಮಕ್ಕಳ ಹನ್ನೆರಡು ಮುಖಗಳೂ ಒಮ್ಮೆಲೇ ಅವಳತ್ತ ತಿರುಗಿದವು. ನಿಜ ಹೇಳಿದರೆ ಅವರಿಗೆ ಸೊನ್ನೆ, ಮೇಲೆ ಕಳ್ಳರೆಂಬ ಹೆಸರು. ಲತಾ ಮೇಜಿನ ಮೇಲಿದ್ದ ಚೀಲವನ್ನು ಹೆಗಲಿಗೇರಿಸಿ ಬಾಗಿಲತ್ತ ನಡೆದಳು.

“ಓಗ್ಬ್ಯಾಡಿ ಮಿಸ್!” ಸೌಜನ್ಯ ಕೂಗಿದಳು.

ಎದುರಿಗಿದ್ದ ಲ್ಯಾಪ್‌ಟಾಪ್ ಕೆಂಪಾಯಿತು. “ಸಾರಿ,” ಎಂದಿತು ವಿನಯದಿಂದ. “ಟ್ರೈ ಅಗೇನ್.”

ಸೌಜನ್ಯ ಅಂಗೈಯನ್ನು ಬಾಯಿಯ ಮುಂದೆ ಹಿಡಿದಳು. ಮೂರು ವರ್ಷದಲ್ಲಿ ಮೊಟ್ಟಮೊದಲ ಸಲ ಅಲ್ಲಿಗೆ ಬೆಚ್ಚಗೆ ಉಸಿರು ತಾಕಿತು.

“ಹೋಗಬೇಡಿ, ಮಿಸ್.”

ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು.